ಬೆಳಕಿನ ಬೇಲಿ: ಅದರ ಹೊರಸಂಕೇತಗಳನ್ನು ಗೊತ್ತುಪಡಿಸುವ ಕ್ರಮ

ಕಣ್ಣಿಗೆ ಕಾಣದ ಕಿರಣಗಳನ್ನು ಸಾಲಾಗಿ ಹಾಯಿಸಿ, ಅವುಗಳ ನಡುವೆ ಯಾವುದು ಬಂದಿತು, ಯಾವುದು ಹೋಯಿತು ಎಂಬುದನ್ನು ಅರಿಯುವ ಉಪಕರಣವೊಂದು ಇಂದು ಕಾರ್ಖಾನೆಗಳಲ್ಲಿಯೂ ಹೆದ್ದಾರಿಗಳಲ್ಲಿಯೂ ಬಳಕೆಗೆ ಬಂದಿದೆ. ಎದುರುಬದುರಾಗಿ ನಿಂತ ಎರಡು ಕಂಬಗಳು. ಒಂದರಲ್ಲಿ ಅವಕೆಂಪು ಕಿರಣಗಳನ್ನು ಸೂಸುವ ಪ್ರೇಷಕಗಳು, ಇನ್ನೊಂದರಲ್ಲಿ ಅವನ್ನು ಬರಮಾಡಿಕೊಳ್ಳುವ ಗ್ರಾಹಕಗಳು. ಇದನ್ನು ಬೆಳಕಿನ ಬೇಲಿಯೆಂದು ಕರೆಯೋಣ. ಯಂತ್ರದ ವಿಷಯವನ್ನು ವ್ಯಾಕರಣದ ಉಪಾಧ್ಯಾಯನು ಬರೆಯುವುದೇಕೆಂದು ವಾಚಕರು ಕೇಳಬಹುದು. ಇದರ ಮರ್ಮವು ವಿಧಿ–ನಿಷೇಧಗಳ ಮರ್ಮವೇ ಆಗಿರುವುದರಿಂದ ಎಂಬುದೇ ಅದಕ್ಕೆ ಉತ್ತರ.

ನಮ್ಮ ಜಿಲ್ಲೆಯ ಬಾಗೇಪಲ್ಲಿಯ ಬಳಿ, 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಂಕದಕಟ್ಟೆಯಿದೆ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಹೆದ್ದಾರಿಗಳ ಸುಂಕದ ಕೆಲಸವು ಬಹುಮಟ್ಟಿಗೆ ಯಂತ್ರಗಳ ಪಾಲಾಗಿದೆ. ಇಂತಹ ಕಟ್ಟೆಗಳಲ್ಲಿ ಒಂದು ವಾಹನವನ್ನು ಮತ್ತೊಂದರಿಂದ ಬೇರ್ಪಡಿಸಿ ತಿಳಿಯಲು ಬೆಳಕಿನ ಬೇಲಿಯನ್ನು ಬಳಸುವುದುಂಟು. ಇದಕ್ಕೆ ಒಂದೇ ಕಿರಣ ಸಾಲದು. ಟ್ರ್ಯಾಕ್ಟರಿಗೂ ಅದರ ಹಿಂದಿನ ಟ್ರೇಲರಿಗೂ ನಡುವೆ ಇರುವುದು ಗಾಡಿಯ ಮೂಕಿಯಂತಹ ಒಂದು ಕಬ್ಬಿಣದ ಕೊಂಡಿ ಮಾತ್ರ. ಕಿರಣಗಳ ನಡುವಣ ಅಂತರವು ಆ ಕೊಂಡಿಯ ದಪ್ಪಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ ಬೇಲಿಯು ಎರಡನ್ನೂ ಒಂದೇ ವಾಹನವೆಂದು ಗ್ರಹಿಸೀತು.

ಬೇಲಿಯು ತಾನು ಕಂಡುದನ್ನು ಹೊರಗೆ ತಿಳಿಸುವುದು ತಂತಿಯ ಮೂಲಕ. ಕಾರ್ಮಿಕರು ಇದನ್ನು ಔಟ್‌ಪುಟ್ ಎನ್ನುವರು. ಆ ತಂತಿಯ ನುಡಿಯಲ್ಲಿರುವ ಪದಗಳು ಎರಡೇ: ಉಂಟು, ಇಲ್ಲ. ಇಂತಹ ಪ್ರತಿಯೊಂದು ಹೊರಸಂಕೇತಕ್ಕೂ ಐದು ಸಂಗತಿಗಳನ್ನು ಗೊತ್ತುಪಡಿಸಬೇಕು.

ಮೊದಲನೆಯದು, ಯಾವ ಯಾವ ಕಿರಣಗಳು ಈ ಸಂಕೇತಕ್ಕೆ ಸೇರಿದವು ಎಂಬುದು. ಕೆಳಗಿನ ಕಿರಣಗಳಿಂದ ವಾಹನದ ಇರವನ್ನೂ ಮೇಲಿನವುಗಳಿಂದ ಅದರ ಎತ್ತರವನ್ನೂ ಬೇರೆಬೇರೆಯಾಗಿ ತಿಳಿಸಬಹುದು. ಎರಡನೆಯದು, ಬೆಳಕು ಎಷ್ಟು ಕುಗ್ಗಿದರೆ ಕಿರಣವು ತಡೆಯಲ್ಪಟ್ಟಿತೆಂದು ಎಣಿಸಬೇಕು ಎಂಬುದು. ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಊರು. ಕಲ್ಲನ್ನು ಬೆಳಕಿಗೆ ಹಿಡಿದು ನೋಡುವ ಪರೀಕ್ಷಕನು ಬೆಳಕು ನಿಲ್ಲುವುದು ಬೇರೆ, ಕುಗ್ಗುವುದು ಬೇರೆ ಎಂಬುದನ್ನು ಬಲ್ಲನು. ಗಾಜಿನ ಸೀಸೆಯು ಕಿರಣವನ್ನು ಪೂರ್ತಿಯಾಗಿ ತಡೆಯದೆ ಕೇವಲ ಕುಗ್ಗಿಸುತ್ತದೆ. ಆದುದರಿಂದ ಮೊದಲು ಬೇಲಿಯನ್ನು ತೆರವು ಮಾಡಿ ಪೂರ್ಣ ಬೆಳಕಿನ ಅಳತೆಯನ್ನು ಅದಕ್ಕೆ ಕಲಿಸಿ, ಆ ಬಳಿಕ ನಿಜವಾದ ವಸ್ತುವನ್ನೇ ಇಟ್ಟು ಪರೀಕ್ಷಿಸಬೇಕು.

ಮೂರನೆಯದು ಕಾಲ. ಸಣ್ಣ ಬಿರುಕಿಗೆ ಸಂಕೇತವು ಹೊಯ್ದಾಡದಂತೆ ಅದನ್ನು ಕ್ಷಣಕಾಲ ಹಿಡಿದಿಡಬಹುದು. ಆದರೆ ಹಿಡಿತವು ಮಿತಿಮೀರಿದರೆ ಹಿಂದುಮುಂದಾಗಿ ಬಂದ ಎರಡು ವಾಹನಗಳು ಒಂದಾಗಿ ಎಣಿಕೆಯಾಗುವುವು. ನಾಲ್ಕನೆಯದು ವಿದ್ಯುತ್ತಿನ ರೀತಿ. ಸಾಮಾನ್ಯವಾಗಿ 24 ವೋಲ್ಟಿನ ಈ ಉಪಕರಣಗಳಲ್ಲಿ ಪಿಎನ್‌ಪಿ ಎಂಬುದು ತಂತಿಗೆ ಧನ ವಿದ್ಯುತ್ತನ್ನು ಕೊಡುತ್ತದೆ. ಎನ್‌ಪಿಎನ್ ಎಂಬುದು ತಂತಿಯನ್ನು ಶೂನ್ಯಕ್ಕೆ ಸೇರಿಸುತ್ತದೆ. ಸಂಕೇತವನ್ನು ಸ್ವೀಕರಿಸುವ ಯಂತ್ರವು ಯಾವುದನ್ನು ಬಲ್ಲುದೋ ಅದನ್ನೇ ಆರಿಸಬೇಕು.

ಐದನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಕಿರಣವು ತಲುಪಿದಾಗ ತಂತಿಯಲ್ಲಿ ವಿದ್ಯುತ್ತಿರುವುದು ಬೆಳಕಿಗೆ ನುಡಿಯುವ ಕ್ರಮ; ತಡೆಯಲ್ಪಟ್ಟಾಗ ಇರುವುದು ಕತ್ತಲೆಗೆ ನುಡಿಯುವ ಕ್ರಮ. ಕಾರ್ಖಾನೆಯ ಮಾತಿನಲ್ಲಿ ಇವು ಲೈಟ್ ಆನ್, ಡಾರ್ಕ್ ಆನ್. ಮೇಲುನೋಟಕ್ಕೆ ಇವೆರಡೂ ಒಂದೇ ಸುದ್ದಿಯನ್ನು ಹೇಳುವಂತೆ ತೋರುವುವು. ಆದರೆ ಹಾಗಲ್ಲ.

ನಮ್ಮ ಭಾಷೆಯ ನಿಷೇಧರೂಪವನ್ನು ನೆನೆಯಿರಿ. 'ಅರಿವೆನು' ಎಂಬಲ್ಲಿ ಧಾತುವಿಗೂ ಆಖ್ಯಾತಪ್ರತ್ಯಯಕ್ಕೂ ನಡುವೆ ವಕಾರವು ಕಾಲವನ್ನು ಸೂಚಿಸುತ್ತದೆ. 'ಅರಿಯೆನು' ಎಂಬಲ್ಲಿ ಕಾಲಸೂಚಕವೇ ಇಲ್ಲ. ಅಲ್ಲಿರುವ ಯಕಾರವು ಕೇವಲ ಆಗಮ. ಆ ಇಲ್ಲದಿರುವಿಕೆಯೇ ನಿಷೇಧವನ್ನು ಹೇಳುತ್ತದೆ. ಚಿಹ್ನೆಯ ಅಭಾವವೂ ಒಂದು ಚಿಹ್ನೆ. ತಂತಿಯ ಮೌನವೂ ಹಾಗೆಯೇ; ಆದರೆ ತಂತಿಯು ತುಂಡಾದಾಗಲೂ ವಿದ್ಯುತ್ತು ನಿಂತಾಗಲೂ ಅದು ಮೌನವಾಗಿಯೇ ಇರುತ್ತದೆ. ಆದುದರಿಂದ ಮೌನಕ್ಕೆ ಯಾವ ಅರ್ಥವನ್ನು ಕೊಡಬೇಕೆಂಬುದನ್ನು ಜೋಡಿಸುವವನು ಮೊದಲೇ ನಿಶ್ಚಯಿಸಬೇಕು.

ಸುಂಕದಕಟ್ಟೆಯ ತಡೆಗೋಲನ್ನು ಇಳಿಸುವ ಸಂಕೇತವು ಕತ್ತಲೆಗೆ ನುಡಿಯುವಂತಿದ್ದರೆ, ತಂತಿ ಹರಿದಾಗಿನ ಮೌನಕ್ಕೆ 'ವಾಹನವಿಲ್ಲ' ಎಂದು ಅರ್ಥವಾಗಿ, ಕೋಲು ಕೆಳಗಿರುವವರ ಮೇಲೆ ಬಿದ್ದೀತು. ಬೆಳಕಿಗೆ ನುಡಿಯುವಂತಿದ್ದರೆ ಅದೇ ಮೌನಕ್ಕೆ 'ದಾರಿ ತೆರವಾಗಿಲ್ಲ' ಎಂಬ ಅರ್ಥ ಬಂದು ಕೋಲು ಮೇಲೆಯೇ ನಿಲ್ಲುವುದು. ಆಗ ಸುಂಕಕ್ಕೆ ನಷ್ಟವಾಗಬಹುದು, ತಲೆಗೆ ಪೆಟ್ಟಾಗದು.

ಕೈಬೆರಳುಗಳನ್ನು ಕಾಯಬೇಕಾದ ಪ್ರೆಸ್ಸುಗಳಿಗೆ ಎಣಿಸುವ ಬೇಲಿಯನ್ನು ಎಂದಿಗೂ ಬಳಸಕೂಡದು. ಅದಕ್ಕೆ ಸುರಕ್ಷತೆಗೆಂದೇ ನಿರ್ಮಿಸಿದ ಬೇಲಿ ಬೇರೆಯಿದೆ. ಅದರಲ್ಲಿ ಎರಡು ಸಂಕೇತಗಳಿದ್ದು, ತೆರವಾಗಿರುವಾಗ ಎರಡರಲ್ಲಿಯೂ ವಿದ್ಯುತ್ತಿರುತ್ತದೆ. ಒಂದು ಮೌನವಾದರೂ ಯಂತ್ರವು ನಿಲ್ಲಬೇಕು. ಬೆರಳನ್ನು ಗುರುತಿಸುವ ಬೇಲಿಯ ಸೂಕ್ಷ್ಮತೆ 14 ಮಿಲಿಮೀಟರು. ಕೈಯು ಸೆಕೆಂಡಿಗೆ 2000 ಮಿಲಿಮೀಟರು ಚಲಿಸುವುದೆಂದು ಎಣಿಸುವುದು ರೂಢಿ. ಬೇಲಿಯೂ ಯಂತ್ರವೂ ಸೇರಿ ನಿಲ್ಲಲು 0.1 ಸೆಕೆಂಡು ಹಿಡಿದರೆ, ಬೇಲಿಯು ಅಪಾಯದ ಸ್ಥಳದಿಂದ 200 ಮಿಲಿಮೀಟರಾದರೂ ದೂರವಿರಬೇಕು. ಕೈ ತೆಗೆದೊಡನೆ ಯಂತ್ರವು ತಾನಾಗಿ ಹೊರಡದೆ, ಗುಂಡಿ ಒತ್ತಿದ ಬಳಿಕವೇ ಹೊರಡುವಂತಿರುವುದು ಲೇಸು.

ಇದನ್ನು ಕಲಿಸುವ ಉಪಾಧ್ಯಾಯರು ವಿದ್ಯಾರ್ಥಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಈ ತಂತಿ ಸುಮ್ಮನಾದರೆ ಏನಾಗುತ್ತದೆ?" ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು. ಜೋಡಣೆ ಮುಗಿದ ಮೇಲೆ, ದಾರಿಯಲ್ಲಿ ಯಾರೂ ಇಲ್ಲದಾಗ, ಸಂಕೇತದ ತಂತಿಯನ್ನು ಬಿಚ್ಚಿ ತೋರಿಸಬೇಕು. ಕೋಲು ಮೇಲೆಯೇ ನಿಂತರೆ ಪಾಠ ಮನದಟ್ಟಾಯಿತೆಂದು ತಿಳಿಯಬಹುದು.