ಈಜುವ ಏಡಿಗಳು

ಏಡಿಯನ್ನು ಕಾಣದವರು ವಿರಳ. ಒಳನಾಡಿನ ಕೆರೆಯ ಏರಿಗಳಲ್ಲಿ, ಕಾಲುವೆಯ ದಡಗಳಲ್ಲಿ, ಭತ್ತದ ಗದ್ದೆಯ ಬದುಗಳಲ್ಲಿ ಬಿಲ ತೋಡಿಕೊಂಡು ಬಾಳುವ ಏಡಿಯು ಅಡ್ಡಡ್ಡಲಾಗಿ ನಡೆಯುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಬಲ್ಲರು. ಈ ಏಡಿಯು ನೀರಿನ ಬಳಿಯಲ್ಲಿಯೇ ಬದುಕಿದರೂ ನಡೆಯುವ ಪ್ರಾಣಿಯೇ ಹೊರತು ಈಜುವ ಪ್ರಾಣಿಯಲ್ಲ. ಪಶ್ಚಿಮ ಘಟ್ಟಗಳನ್ನು ಇಳಿದು ಕರಾವಳಿಗೆ ಹೋದರೆ ಇದರ ದೂರದ ಬಂಧುಗಳನ್ನು ಕಾಣಬಹುದು. ಅವು ಸಮುದ್ರದ ನೀರನ್ನು ಸೀಳಿಕೊಂಡು ಲೀಲಾಜಾಲವಾಗಿ ಈಜುತ್ತವೆ. ತುಳುವರು ಏಡಿಯನ್ನು ‘ಡೆಂಜಿ’ ಎಂದೂ ಕೊಂಕಣಿಗರು ‘ಕುರ್ಲಿ’ ಎಂದೂ ಕರೆಯುತ್ತಾರೆ.

ಏಡಿಗೆ ಐದು ಜೊತೆ ಕಾಲುಗಳುಂಟು. ಮೊದಲನೆಯ ಜೊತೆಯು ಇಕ್ಕುಳದಂತಿದ್ದು, ಆಹಾರವನ್ನು ಹಿಡಿಯಲೂ ಶತ್ರುವನ್ನು ಎದುರಿಸಲೂ ನೆರವಾಗುತ್ತದೆ. ನಡುವಿನ ಮೂರು ಜೊತೆಗಳು ನಡಿಗೆಗೆ ಮೀಸಲು. ಈಜುವ ಏಡಿಗಳ ವಿಶೇಷವಿರುವುದು ಕೊನೆಯ ಜೊತೆಯಲ್ಲಿ. ಅದರ ತುದಿಯು ದೋಣಿಯ ಹುಟ್ಟಿನಂತೆ ಅಗಲವಾಗಿಯೂ ಚಪ್ಪಟೆಯಾಗಿಯೂ ಇರುತ್ತದೆ. ಈ ಕಾಲುಗಳನ್ನು ವೇಗವಾಗಿ ಬೀಸುತ್ತ ಏಡಿಯು ಪಕ್ಕಕ್ಕೆ ಚಿಮ್ಮಿ ಸಾಗುತ್ತದೆ. ಅಪಾಯ ಸಮೀಪಿಸಿದಾಗ ಅವೇ ಕಾಲುಗಳಿಂದ ಮರಳನ್ನು ಕೆದಕಿ, ಕಣ್ಣುಗಳನ್ನು ಮಾತ್ರ ಹೊರಗಿಟ್ಟು ಹುದುಗಿಕೊಳ್ಳುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಈ ಗುಂಪಿನ ಹಲವು ಜಾತಿಗಳಿವೆ. ಬೆನ್ನುಚಿಪ್ಪಿನ ಮೇಲೆ ಮೂರು ಕೆಂಗಂದು ಚುಕ್ಕೆಗಳುಳ್ಳ ಏಡಿ ಒಂದು. ನೀಲಿ ಏಡಿ ಇನ್ನೊಂದು; ಇದರಲ್ಲಿ ಗಂಡಿಗೆ ಮಾತ್ರ ಸೊಗಸಾದ ನೀಲಿ ಬಣ್ಣವಿದ್ದು, ಹೆಣ್ಣು ಮಂಕಾದ ಹಸಿರುಗಂದು ಬಣ್ಣದ್ದಾಗಿರುತ್ತದೆ. ಬೆನ್ನಿನ ಮೇಲೆ ಶಿಲುಬೆಯಂತಹ ಗುರುತುಳ್ಳದ್ದು ಮತ್ತೊಂದು. ಕಾಳಿ, ಅಘನಾಶಿನಿ, ಶರಾವತಿ ಮುಂತಾದ ನದಿಗಳು ಕಡಲನ್ನು ಸೇರುವ ಅಳಿವೆಗಳ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಇವೆಲ್ಲಕ್ಕಿಂತ ದೊಡ್ಡದಾದ ಕೆಸರಿನ ಏಡಿಯು ವಾಸಿಸುತ್ತದೆ. ಅದು ಎರಡು ಕಿಲೋಗ್ರಾಂಗೂ ಹೆಚ್ಚು ತೂಗುವಷ್ಟು ಬೆಳೆಯಬಲ್ಲುದು.

ಏಡಿಯ ಚಿಪ್ಪು ಅದಕ್ಕೆ ಕವಚವೂ ಹೌದು, ಸೆರೆಮನೆಯೂ ಹೌದು. ಕೈಟಿನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟುಗಳಿಂದಾದ ಈ ಕವಚವು ಒಮ್ಮೆ ಗಟ್ಟಿಯಾದರೆ ಹಿಗ್ಗುವುದಿಲ್ಲ. ಆದುದರಿಂದ ಬೆಳೆಯಬೇಕಾದರೆ ಏಡಿಯು ಅದನ್ನು ಕಳಚಲೇಬೇಕು. ಹಳೆಯ ಚಿಪ್ಪು ಹಿಂಭಾಗದಲ್ಲಿ ಬಿರಿಯುತ್ತದೆ. ಏಡಿಯು ಹಿಮ್ಮುಖವಾಗಿ ಹೊರಬರುತ್ತದೆ. ಕೂಡಲೇ ಅದು ನೀರನ್ನು ಹೀರಿ ಉಬ್ಬುತ್ತದೆ. ಹೊಸ ಚಿಪ್ಪು ಆ ಅಳತೆಗೇ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅದರ ಮೈ ಮೃದುವಾಗಿದ್ದು, ಯಾವ ಶತ್ರುವನ್ನೂ ಎದುರಿಸಲಾರದು. ಕಳೆದುಹೋದ ಕಾಲುಗಳು ಮರಳಿ ಮೂಡುವುದು ಸಹ ಹೀಗೆ ಚಿಪ್ಪು ಕಳಚುವ ಸಂದರ್ಭಗಳಲ್ಲಿಯೇ.

ಹೆಣ್ಣು ಗಂಡನ್ನು ಕೂಡುವುದೂ ಚಿಪ್ಪು ಕಳಚಿದ ಹೊಸತರಲ್ಲಿ. ಅದಕ್ಕೆ ಮುಂಚೆ ಕೆಲವು ದಿನ ಗಂಡು ಅದನ್ನು ತನ್ನ ಅಡಿಯಲ್ಲಿ ಹಿಡಿದುಕೊಂಡೇ ತಿರುಗುತ್ತದೆ. ಮುಂದೆ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನಿಟ್ಟು, ಅವನ್ನು ಹೊಟ್ಟೆಯಡಿಯ ಅಗಲವಾದ ಮಡಿಕೆಯಲ್ಲಿ ಅಂಟಿಸಿಕೊಂಡು ಹೊರುತ್ತದೆ. ಮೊದಲು ಕಿತ್ತಳೆ ಹಳದಿಯಾಗಿದ್ದ ಮೊಟ್ಟೆಯ ಗೊಂಚಲು, ಒಳಗಿನ ಮರಿಗಳ ಕಣ್ಣುಗಳು ಮೂಡಿದಂತೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ.

ಒಳನಾಡಿನ ಸಿಹಿನೀರಿನ ಏಡಿಯ ಸಂಗತಿಯೇ ಬೇರೆ. ಅದು ಇಡುವ ಮೊಟ್ಟೆಗಳು ಕೆಲವೇ. ಅವುಗಳಿಂದ ಪುಟ್ಟ ಏಡಿಗಳೇ ಹೊರಬಂದು ತಾಯಿಯ ಆಸರೆಯಲ್ಲಿ ಕೆಲಕಾಲ ಉಳಿಯುತ್ತವೆ. ಕಡಲ ಏಡಿಯ ಮರಿಗೆ ಆ ಭಾಗ್ಯವಿಲ್ಲ. ಮೊಟ್ಟೆಯೊಡೆದು ಬರುವ ಡಿಂಭವು ಏಡಿಯನ್ನು ಹೋಲುವುದೇ ಇಲ್ಲ. ತಲೆಯ ಮೇಲೆ ಮುಳ್ಳು, ದೊಡ್ಡ ಕಣ್ಣು, ಸಣ್ಣ ಬಾಲವುಳ್ಳ ಈ ಜೀವಿಗೆ ಜೋಯಿಯ ಎಂದು ಹೆಸರು. ಅದು ಅಲೆಗಳಲ್ಲಿ ತೇಲುತ್ತ, ಹಲವು ಬಾರಿ ಪೊರೆ ಕಳಚಿ, ಮೆಗಲೋಪ ಎಂಬ ಎರಡನೆಯ ರೂಪವನ್ನು ತಾಳುತ್ತದೆ. ಅನಂತರವೇ ಅದು ಏಡಿಯಾಗುವುದು. ಈ ವಾರಗಳಲ್ಲಿ ಬಹುಪಾಲು ಡಿಂಭಗಳು ಮೀನುಗಳಿಗೆ ಆಹಾರವಾಗುತ್ತವೆ. ಕೆಸರಿನ ಏಡಿಯ ಹೆಣ್ಣು ಮೊಟ್ಟೆಗಳನ್ನು ಹೊತ್ತು ಅಳಿವೆಯಿಂದ ಕಡಲಿಗೆ ಹೋಗುತ್ತದೆ. ಬದುಕುಳಿದ ಮರಿಗಳು ಅಳಿವೆಗೆ ಮರಳುತ್ತವೆ. ಆದುದರಿಂದ ಕಾಂಡ್ಲಾವನ ನಾಶವಾದರೆ ಅವು ಬೆಳೆಯುವ ತಾಣವೇ ಇಲ್ಲವಾಗುತ್ತದೆ.

ಏಡಿಗಳಿಂದ ಆಗುವ ಪ್ರಯೋಜನಗಳು ಅನೇಕ. ಸತ್ತ ಜೀವಿಗಳನ್ನು ತಿಂದು ಅವು ಕಡಲ ತಳವನ್ನು ಶುಚಿಗೊಳಿಸುತ್ತವೆ. ತಾವು ದೊಡ್ಡ ಮೀನುಗಳಿಗೆ ಆಹಾರವಾಗುತ್ತವೆ. ಅವುಗಳ ಮಾಂಸದಲ್ಲಿ ಪ್ರೋಟೀನು ಹೇರಳ. ಕೆಸರಿನ ಏಡಿಗಳನ್ನು ಇಕ್ಕುಳ ಕಟ್ಟಿ, ಜೀವಂತವಾಗಿಯೇ ವಿದೇಶಗಳಿಗೆ ಕಳುಹಿಸುತ್ತಾರೆ. ಚಿಪ್ಪಿನ ಕೈಟಿನ್‌ನಿಂದ ತಯಾರಾಗುವ ಕೈಟೊಸಾನ್ ಎಂಬ ವಸ್ತುವನ್ನು ನೀರಿನ ಶುದ್ಧೀಕರಣಕ್ಕೂ ಗಾಯದ ಪಟ್ಟಿಗಳಿಗೂ ಬಳಸುತ್ತಾರೆ. 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕಾ ಮಹಾವಿದ್ಯಾಲಯವು ಇಂತಹ ಜಲಸಂಪತ್ತಿನ ಅಧ್ಯಯನಕ್ಕೆ ಮೀಸಲಾದುದು.

ಮಂಗಳೂರು, ಮಲ್ಪೆ, ಕಾರವಾರ ಮುಂತಾದ ಬಂದರುಗಳ ಟ್ರಾಲ್ ದೋಣಿಗಳ ಬಲೆಗಳಿಗೆ ಮೀನು, ಸೀಗಡಿಗಳೊಡನೆ ಏಡಿಗಳೂ ಬೀಳುತ್ತವೆ. ಬಲೆಗೆ ಮರಿಯೆಂಬ ಕರುಣೆಯಿಲ್ಲ, ಬಸುರಿಯೆಂಬ ಭೇದವಿಲ್ಲ. ಮೊಟ್ಟೆ ಹೊತ್ತ ಒಂದು ಹೆಣ್ಣು ಬುಟ್ಟಿಗೆ ಬಿದ್ದರೆ ಅದರೊಡನೆ ಲಕ್ಷಾಂತರ ಮೊಟ್ಟೆಗಳೂ ಅಳಿಯುತ್ತವೆ. ರಾಜ್ಯದಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದನ್ನು ನಿಷೇಧಿಸಲಾಗಿದೆ. ಇದರಿಂದ ಕಡಲಿಗೆ ಎರಡು ತಿಂಗಳ ವಿಶ್ರಾಂತಿ ದೊರೆಯುತ್ತದೆ. ಆದರೆ ಏಡಿಗಳು ವರ್ಷದ ಇತರ ತಿಂಗಳುಗಳಲ್ಲಿಯೂ ಮೊಟ್ಟೆಯಿಡುತ್ತವೆ. ಅಂದಿನ ಗಳಿಕೆಯಿಂದಲೇ ಅಂದಿನ ಅಡುಗೆಯಾಗಬೇಕಾದ ಬಡ ಮೀನುಗಾರನಿಗೆ ಕೈಗೆ ಬಂದ ಏಡಿಯನ್ನು ಬಿಟ್ಟುಕೊಡುವುದು ಸುಲಭವಲ್ಲ. ಆದರೂ ಮೀನಿಗಿಲ್ಲದ ಒಂದು ಅನುಕೂಲ ಏಡಿಗಿದೆ: ಕಿವಿರುಗಳು ಒದ್ದೆಯಾಗಿರುವಷ್ಟು ಹೊತ್ತು ಅದು ನೀರಿನ ಹೊರಗೂ ಬದುಕಿರುತ್ತದೆ. ಬಲೆಯಿಂದ ಜೋಪಾನವಾಗಿ ಬಿಡಿಸಿ ಕಡಲಿಗೆ ಹಾಕಿದರೆ ಅದು ಮತ್ತೆ ಬಾಳಬಲ್ಲುದು.

ಬಿತ್ತನೆಯ ಕಾಳನ್ನು ಉಣ್ಣುವ ರೈತನಿಗೆ ಮುಂದಿನ ಬೆಳೆಯಿಲ್ಲ. ಮೊಟ್ಟೆ ಹೊತ್ತ ಏಡಿಯು ಕಡಲಿನ ಬಿತ್ತನೆಯ ಕಾಳು. ಅದನ್ನು ಉಳಿಸುವವನು ನಾಳೆಯ ತನ್ನ ಬುಟ್ಟಿಯನ್ನೇ ತುಂಬಿಸಿಕೊಳ್ಳುತ್ತಾನೆ.

ಅಭ್ಯಾಸ

1. ಈಜುವ ಏಡಿಯ ಕೊನೆಯ ಜೊತೆ ಕಾಲುಗಳ ರಚನೆಯನ್ನೂ ಉಪಯೋಗವನ್ನೂ ವಿವರಿಸಿರಿ.
2. ‘ಏಡಿಯ ಚಿಪ್ಪು ಅದಕ್ಕೆ ಕವಚವೂ ಹೌದು, ಸೆರೆಮನೆಯೂ ಹೌದು.’ ಈ ಮಾತನ್ನು ಸಮರ್ಥಿಸಿರಿ.
3. ಸಿಹಿನೀರಿನ ಏಡಿಯ ಮರಿಗೂ ಕಡಲ ಏಡಿಯ ಮರಿಗೂ ಇರುವ ವ್ಯತ್ಯಾಸವೇನು?
4. ಮೊಟ್ಟೆ ಹೊತ್ತ ಏಡಿಯನ್ನು ಬಿತ್ತನೆಯ ಕಾಳಿಗೆ ಹೋಲಿಸಿರುವುದೇಕೆ?