ಮೊದಲು ಕೂಲರ್ ಕೊಳ್ಳು, ಆಮೇಲೆ ಕುಣಿ

ಪ್ರೊಸೆಸರ್ ತಂದು ಇನ್ನೂ ಎರಡು ದಿನ ಆಗಿಲ್ಲ, ಆಗಲೇ ಅದನ್ನು ಓವರ್‌ಕ್ಲಾಕ್ ಮಾಡಬೇಕಂತೆ ನಿನಗೆ! ಮಾಡು ಮರಿ, ಬೇಡ ಅನ್ನುವುದಿಲ್ಲ. ನಾವೇನು ಕೈಕಟ್ಟಿ ಕೂತಿದ್ದೆವೇ? 1998ರಲ್ಲಿ ಸೆಲೆರಾನ್ 300ಎ ಬಂತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡುತ್ತಿತ್ತು. ಅಂಥ ಪುಕ್ಕಟೆ ಲಾಭ ಈಗಿಲ್ಲ. ಹಿಂಡುವಷ್ಟನ್ನು ಕಂಪನಿಯವರೇ ಹಿಂಡಿ ಕಳಿಸುತ್ತಾರೆ.

ನಿನ್ನ ಚಿಪ್ಪು ಮಾತು ಕೇಳುವಂಥದ್ದೋ ಅಲ್ಲವೋ, ಅದನ್ನಾದರೂ ನೋಡಿದ್ದೀಯಾ? ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಕೆ’ ಇರಬೇಕು, ಬೋರ್ಡು ‘ಜೆಡ್’ ಸರಣಿಯದಾಗಿರಬೇಕು. ರೈಜನ್‌ಗಳಲ್ಲಿ ಹೆಚ್ಚಿನವಕ್ಕೆ ಬೀಗವಿಲ್ಲ. ಆದರೆ ಎ520ಯಂಥ ಅಗ್ಗದ ಬೋರ್ಡು ಕೈಹಾಕಲು ಬಿಡುವುದಿಲ್ಲ. ಇದು ತಿಳಿಯದೆ ಬೆಂಗಳೂರಿನ ಎಸ್.ಪಿ. ರೋಡಿಗೆ ಓಡಿ, ಅಂಗಡಿಯವನು ಕಟ್ಟಿಕೊಟ್ಟದ್ದನ್ನು ಹೊತ್ತು ತರಬೇಡ. ವಾರಂಟಿ ಕಾಗದವನ್ನೂ ಓದು. ಓವರ್‌ಕ್ಲಾಕ್ ಮಾಡಿ ಸುಟ್ಟದ್ದಕ್ಕೆ ಸಾಮಾನ್ಯವಾಗಿ ಯಾರೂ ಹೊಣೆಯಾಗುವುದಿಲ್ಲ.

ವೇಗಕ್ಕಿಂತ ವೋಲ್ಟೇಜಿಗೆ ಹೆದರು. ಎರಡನ್ನೂ ಶೇ. 10ರಷ್ಟು ಏರಿಸಿದೆ ಅನ್ನು. ಕೈಗೆ ಬರುವ ವೇಗ ಶೇ. 10, ಹುಟ್ಟುವ ಶಾಖ ಸುಮಾರು ಶೇ. 33. ಶಾಖ ಏರುವುದು ವೇಗವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದ ಲೆಕ್ಕದಲ್ಲಿ, ಅದಕ್ಕೇ ಹೀಗೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳು ಕೆಲವು ಅತಿ ವೋಲ್ಟೇಜಿನಿಂದಲೇ ಕೆಟ್ಟವು. 2024ರಲ್ಲಿ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಬೆಳೆಸಬೇಕಾಯಿತು. ತಯಾರಿಸಿದವರೇ ಎಡವಿದ ಜಾಗದಲ್ಲಿ ನೀನು ಕಣ್ಣುಮುಚ್ಚಿ ಜಿಗಿಯುತ್ತೀಯಾ?

ಒಂದು ಸಲಕ್ಕೆ 100 ಮೆಗಾಹರ್ಟ್ಸ್, ಅಷ್ಟೇ. ವಿಂಡೋಸ್ ತೆರೆದುಕೊಂಡ ಕೂಡಲೇ ಗೆದ್ದೆನೆಂದು ಗೆಳೆಯರಿಗೆ ಫೋನು ಮಾಡಬೇಡ. ಪ್ರೈಮ್95 ಅಥವಾ ಒಸಿಸಿಟಿಯಂಥ ಪರೀಕ್ಷಾ ತಂತ್ರಾಂಶ ಹಚ್ಚಿ ಗಂಟೆಗಟ್ಟಲೆ ದುಡಿಸು, ಪಕ್ಕದಲ್ಲೇ ತಾಪಮಾನ ನೋಡುತ್ತಿರು. ಲೆಕ್ಕ ತಪ್ಪುವ ಚಿಪ್ಪು ಸದ್ದಿಲ್ಲದೆ ಫೈಲು ಕೆಡಿಸುತ್ತದೆ. ಮನೆಯವರ ಫೋಟೋಗಳನ್ನು ಮೊದಲೇ ಬೇರೆ ಡಿಸ್ಕಿಗೆ ಹಾಕಿಡು, ಇಲ್ಲದಿದ್ದರೆ ಅಮ್ಮನಿಗೆ ಉತ್ತರ ಹೇಳುವವನು ನೀನೇ.

ಇನ್ನು ಕೂಲರ್. ನಿನ್ನ ಕಣ್ಣು ಬಣ್ಣದ ದೀಪದ ಮೇಲಿದೆ ಅಂತ ಗೊತ್ತು, ದೀಪ ತಂಪು ಮಾಡುವುದಿಲ್ಲ ಕಣೋ. ಹೀಟ್‌ಪೈಪ್ ಇರುವ ಒಳ್ಳೆಯ ಜೋಡಿ ಟವರ್ ಏರ್ ಕೂಲರ್ ಬಹಳ ಜನಕ್ಕೆ ಸಾಕು. ಅದರಲ್ಲಿ ಕೆಡುವುದು ಫ್ಯಾನು ಒಂದೇ, ಬದಲಿಸಿದರಾಯಿತು. ಲಿಕ್ವಿಡ್ ಕೂಲರಿನ ಪಂಪು ನಿಂತರೆ ಇಡೀ ಸೆಟ್ಟೇ ಹೋದಂತೆ. 250 ವ್ಯಾಟ್ ಕುಡಿಯುವ ಐ9ನಂಥ ಚಿಪ್ಪಾದರೆ ಮಾತ್ರ 360 ಮಿಲಿಮೀಟರಿನ ರೇಡಿಯೇಟರ್ ನೋಡು. ಕೊಳ್ಳುವ ಮುಂಚೆ ಟೇಪು ಹಿಡಿದು ಕ್ಯಾಬಿನೆಟ್ಟಿನೊಳಗಿನ ಎತ್ತರ ಅಳೆ, ರ‍್ಯಾಮಿಗೆ ತಾಗುತ್ತದೋ ನೋಡು. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯುವ ಜಾಣರು ಈಗಲೂ ಇದ್ದಾರೆ. ಥರ್ಮಲ್ ಪೇಸ್ಟನ್ನು ದೋಸೆಗೆ ಬೆಣ್ಣೆ ಸುರಿದಂತೆ ಮೆತ್ತಬೇಡ, ಬಟಾಣಿ ಕಾಳಿನಷ್ಟು ಸಾಕು.

ಏರ್ ಆಗಲಿ ಲಿಕ್ವಿಡ್ ಆಗಲಿ, ಇಂಥ ಯಾವ ಕೂಲರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಡಿಸೆಂಬರಿನಲ್ಲಿ 22 ಡಿಗ್ರಿ ಕೋಣೆಯಲ್ಲಿ 80 ತೋರಿಸಿದ್ದು, ಮೇ ತಿಂಗಳಲ್ಲಿ ಕಲಬುರಗಿಯ 37 ಡಿಗ್ರಿ ಕೋಣೆಯಲ್ಲಿ 95ರ ಹತ್ತಿರ ಹೋಗುತ್ತದೆ. ಅಲ್ಲಿಗೆ ಬಂದರೆ ಚಿಪ್ಪೇ ಹೆದರಿ ವೇಗ ಇಳಿಸಿಕೊಳ್ಳುತ್ತದೆ. ಆದ್ದರಿಂದ ನಿನ್ನ ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನ, ಎಸಿ ಆರಿಸಿ ಮಾಡು. ಅಲ್ಲಿ ತಡೆಯಲಿಲ್ಲವೋ, 100 ಮೆಗಾಹರ್ಟ್ಸ್ ಹಿಂದೆ ಬಾ, ಫಿಲ್ಟರಿನ ಧೂಳು ಕೊಡವು, ಮತ್ತೆ ಹಚ್ಚು.