ಮಗು ಬಾಯಿಬಿಟ್ಟಾಗ

ಮೇಷ್ಟ್ರೇ, ಟೀಚರ್, ಹಾಸ್ಟೆಲ್ ವಾರ್ಡನ್ನರೇ, ಒಂದು ಮಾತು. ಮಗುವೊಂದು ನಿಮ್ಮ ಹತ್ತಿರ ಬಂದು "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದರೆ, ಮಾಡಬೇಡಿ. "ಬೇಕಾದವರಿಗಷ್ಟೇ ಹೇಳ್ತೀನಿ, ಹೇಳೋ ಮೊದಲು ನಿನಗೆ ತಿಳಿಸ್ತೀನಿ" ಅನ್ನಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. "ಅವನೇ ತಾನೆ?" ಎಂದು ಹೆಸರನ್ನು ಬಾಯಿಗೆ ತುರುಕಬೇಡಿ, ಸ್ಟಾಫ್ ರೂಮಿನಲ್ಲಿ ಹತ್ತು ಜನರೆದುರು ಮತ್ತೆ ಹೇಳಿಸಬೇಡಿ. ಮಗು ಆಡಿದ ಮಾತನ್ನು ಅದರ ಪದಗಳಲ್ಲೇ, ತಾರೀಖು ಹಾಕಿ ಬರೆದಿಡಿ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದೂರು ಕೊಡುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ಕೈಕೆಳಗಿನವರ ತಪ್ಪು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. "ಶಾಲೆಯ ಮರ್ಯಾದೆ ಹೋಗುತ್ತೆ, ನಮ್ಮನಮ್ಮಲ್ಲೇ ಮುಗಿಸೋಣ" ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಆ ಪಂಚಾಯ್ತಿಗೆ ಮಣಿಯಬೇಡಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಸೆಕ್ಷನ್ನಿನಲ್ಲಿ ರಕ್ಷಣೆಯಿದೆ.

ಅಪ್ಪ ಅಮ್ಮನಿಗೆ ಠಾಣೆ ಎಂದರೆ ನಡುಕ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿರಕೂಡದು ಎಂದು ತಿಳಿಸಿ. ಅರ್ಧ ಧೈರ್ಯ ಬರುತ್ತದೆ.

ಮನೆಯಲ್ಲಿ ಹೊಡೆತ, ಓದುವ ಹುಡುಗಿಗೆ ಗಂಡು ಹುಡುಕಾಟ: ಇವಕ್ಕೆ ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೇ ಮಾತಾಡಬಹುದು.

ಮರುದಿನ ಮಗು ಕ್ಲಾಸಿಗೆ ಬಂದರೆ ಕನಿಕರ ಸುರಿಸಬೇಡಿ. ಎಲ್ಲರನ್ನು ಕೇಳಿದಂತೆ ಹೋಂವರ್ಕ್ ಕೇಳಿ. ಮಾಡಿರದಿದ್ದರೆ ಒಂದೆರಡು ದಿನ ಬಿಟ್ಟುಬಿಡಿ.